ಲಕ್ಷದ ಸ್ಪೀಕರು, ಗ್ರಾನೈಟಿನ ಪಡಸಾಲೆ: ಕೊಟ್ಟ ದುಡ್ಡು ಎಷ್ಟರಮಟ್ಟಿಗೆ ದನಿಯಾಗುತ್ತದೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈಚೆಗೆ ಕಟ್ಟಿದ ಎಷ್ಟೋ ಮನೆಗಳ ಪಡಸಾಲೆ ಹೆಚ್ಚುಕಡಿಮೆ ಒಂದೇ ಅಳತೆಯದು. 12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರ. ಒಂಬತ್ತಿಂಚಿನ ಗೋಡೆ, ಮೇಲೆ ಆರ್‌ಸಿಸಿ, ಕೆಳಗೆ ಗ್ರಾನೈಟು ಇಲ್ಲವೇ ಟೈಲ್ಸು. ಖಾಲಿ ಇದ್ದಾಗ ಚಪ್ಪಾಳೆ ತಟ್ಟಿದರೆ ಝಣ್ ಎಂದು ಮೇಲಿನಿಂದ ಉತ್ತರ ಬರುತ್ತದೆ. ಇಂಥ ಕೋಣೆಯಲ್ಲಿ ಅರವತ್ತು ಸಾವಿರದ ಸ್ಪೀಕರು ಜೋಡಿಯನ್ನೂ ಆರು ಲಕ್ಷದ ಜೋಡಿಯನ್ನೂ ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಹತ್ತು ಪಟ್ಟು ಅಲ್ಲ. ಕೆಲವು ಸಲ ಅರವತ್ತು ಸಾವಿರದ್ದೇ ಚೆನ್ನಾಗಿ ಕೇಳುತ್ತದೆ. ನೆಲದ ಮೇಲೆ ನಿಲ್ಲುವ ದುಬಾರಿ ಟವರು ಸ್ಪೀಕರಿನ ತುಂಬು ಬೇಸು ಆ ಕೋಣೆಯಲ್ಲಿ ಗುಂಯ್‌ಗುಟ್ಟಿ, ಹಾಡಿನ ಸಾಹಿತ್ಯವನ್ನೇ ನುಂಗಿಬಿಡುತ್ತದೆ.

ಹಾಗಂತ ಬೆಲೆಗೂ ದನಿಗೂ ಸಂಬಂಧವೇ ಇಲ್ಲ ಎನ್ನುವುದು ಸುಳ್ಳು. ಬೆಲೆಯ ಯಾವ ಪಾಲು ದನಿಗೆ ಹೋಗುತ್ತದೆ, ಯಾವ ಪಾಲು ಮರದ ಹೊಳಪಿಗೆ, ಹಡಗಿನ ಬಾಡಿಗೆಗೆ, ಆಮದು ಸುಂಕಕ್ಕೆ, ಅಂಗಡಿಯವರ ಲಾಭಕ್ಕೆ ಹೋಗುತ್ತದೆ ಎಂದು ಬಿಡಿಸಿ ನೋಡಬೇಕು.

ಕಣ್ಣು ಕಟ್ಟಿ ಕೇಳಿಸಿದಾಗ

ಈ ಪ್ರಶ್ನೆಯನ್ನು ಗಟ್ಟಿಯಾಗಿ ಪರೀಕ್ಷಿಸಿದವರಲ್ಲಿ ಮುಖ್ಯರು ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್. ಟೂಲ್ ಮೊದಲು ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಆಮೇಲೆ ಹರ್ಮನ್ ಎಂಬ ಆಡಿಯೊ ಕಂಪನಿಯಲ್ಲಿ ಕೆಲಸ ಮಾಡಿದವರು. 1994ರಲ್ಲಿ ಟೂಲ್ ಮತ್ತು ಆಲಿವ್ ಪ್ರಕಟಿಸಿದ ಪ್ರಯೋಗದಲ್ಲಿ ಅದೇ ಕೇಳುಗರು ಅದೇ ನಾಲ್ಕು ಸ್ಪೀಕರುಗಳಿಗೆ ಎರಡು ಸಲ ಅಂಕ ಕೊಟ್ಟರು: ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದೆ. ಕಾಣುವಂತೆ ಇಟ್ಟಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಅಂಕ ಏರಿತು. ಪರದೆ ಬಿದ್ದ ಮೇಲೆ ಆ ಅಂತರ ಕುಗ್ಗಿತು. ಕೇಳಿದವರು ದಾರಿಹೋಕರಲ್ಲ, ಆಡಿಯೊ ಕಂಪನಿಯದೇ ನೌಕರರು.

2004ರಲ್ಲಿ ಆಲಿವ್ 70 ಸ್ಪೀಕರುಗಳ ಅಳತೆಗಳನ್ನು ಕೇಳುಗರ ಮೆಚ್ಚುಗೆಯ ಜೊತೆ ತಾಳೆ ನೋಡಿದರು. ಅಳತೆಯೊಂದರಿಂದಲೇ ಮೆಚ್ಚುಗೆಯನ್ನು 0.86ರ ಸಹಸಂಬಂಧದಲ್ಲಿ (1 ಎಂದರೆ ಪೂರ್ತಿ ತಾಳೆ) ಮುಂಗಾಣಬಹುದು ಎಂದು ತೋರಿತು. ಜನರಿಗೆ ಬೇಕಾದದ್ದು ಮೂರು: ನೇರವಾಗಿ ಬರುವ ದನಿಯ ಗೆರೆ ಸಪಾಟಾಗಿರಬೇಕು (ಅಂದರೆ ಕೆಳಗಿನ, ಮೇಲಿನ ಸ್ವರಗಳೆಲ್ಲ ಒಂದೇ ಜೋರಿನಲ್ಲಿರಬೇಕು), ಪಕ್ಕಕ್ಕೆ ಚೆಲ್ಲುವ ದನಿಯೂ ಅದೇ ಆಕಾರದಲ್ಲಿ ನಯವಾಗಿ ಇಳಿಯಬೇಕು, ಬೇಸು ಸಾಕಷ್ಟು ಕೆಳಗೆ ಇಳಿಯಬೇಕು. ಕೊನೆಯದಕ್ಕೆ ಲೆಕ್ಕದಲ್ಲಿ ಸುಮಾರು ಶೇಕಡ 30ರಷ್ಟು ತೂಕ ಸಿಕ್ಕಿತು.

ಈ ಮೂರರಲ್ಲಿ ಮೊದಲ ಎರಡು ಈಗ ದುಬಾರಿಯಲ್ಲ. ಐದಿಂಚಿನ ವೂಫರು (ಬೇಸು ನುಡಿಸುವ ದೊಡ್ಡ ಕೋನು) ಇರುವ ಜೆನೆಲೆಕ್ 8030ಸಿ ಎಂಬ ಸ್ಟುಡಿಯೊ ಮಾನಿಟರ್ 54 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ±2 ಡೆಸಿಬಲ್ ಒಳಗೆ ನಿಲ್ಲುತ್ತದೆ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ, ಡೆಸಿಬಲ್ ಎಂದರೆ ದನಿಯ ಜೋರಿನ ಅಳತೆ). ಹತ್ತಾರು ಲಕ್ಷದ ಕೆಲವು ಜೋಡಿಗಳ ಗೆರೆ ಇದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಕೆಲವು ತಯಾರಕರು ಬೇಕೆಂದೇ 8-10 ಕಿಲೋಹರ್ಟ್ಸ್ ಬಳಿ ಸ್ವಲ್ಪ ಎತ್ತಿರುತ್ತಾರೆ; ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿದವರಿಗೆ ಅದು 'ವಿವರ' ಎನಿಸುತ್ತದೆ, ಮನೆಯಲ್ಲಿ ಎರಡು ತಾಸು ಕೇಳಿದವರಿಗೆ ತಲೆನೋವು ಎನಿಸುತ್ತದೆ. ಮೂರನೆಯದು, ಅಂದರೆ ಬೇಸು, ನಿಜಕ್ಕೂ ದುಡ್ಡು ಕೇಳುತ್ತದೆ.

ದುಡ್ಡು ಕೇಳುವ ಬೇಸು

ಅಷ್ಟೇ ಜೋರಿನ ದನಿಯನ್ನು ಒಂದು ಸಪ್ತಕ ಕೆಳಗೆ ಕೊಡಬೇಕೆಂದರೆ ವೂಫರು ನಾಲ್ಕು ಪಟ್ಟು ಗಾಳಿ ತಳ್ಳಬೇಕು. 80 ಹರ್ಟ್ಸ್‌ನಿಂದ 40ಕ್ಕೆ ನಾಲ್ಕು ಪಟ್ಟು, 20ಕ್ಕೆ ಹದಿನಾರು ಪಟ್ಟು. ಜೊತೆಗೆ ಹಾಫ್‌ಮನ್ ಅವರ ಹೆಸರಿನ ಕಟ್ಟುಪಾಡೊಂದಿದೆ: ಸಣ್ಣ ಪೆಟ್ಟಿಗೆ, ಆಳದ ಬೇಸು, ಕಡಿಮೆ ವಾಟಿಗೆ ಹೆಚ್ಚು ದನಿ, ಇವುಗಳಲ್ಲಿ ಯಾವುದಾದರೂ ಎರಡು ಮಾತ್ರ ಸಿಗುತ್ತವೆ. ದುಡ್ಡು ಕೊಟ್ಟು ಇದನ್ನು ಮೀರಲಾಗದು. ದೊಡ್ಡ ಪೆಟ್ಟಿಗೆ ಕೊಳ್ಳಬಹುದು, ಅಷ್ಟೆ.

2020ರಲ್ಲಿ ಬಂದ ಕೆಫ್ ಎಲ್‌ಎಸ್50 ಮೆಟಾ ಎಂಬ ಸಣ್ಣ ಸ್ಪೀಕರಿಗೆ 5.25 ಇಂಚಿನ ಒಂದೇ ಡ್ರೈವರು (ದನಿ ಹೊರಡಿಸುವ ಭಾಗ), ಅದರ ನಡುವೆಯೇ ಟ್ವೀಟರು, ಅಂದರೆ ಮೇಲಿನ ಸ್ವರದ ಪುಟ್ಟ ಡ್ರೈವರು. ತಯಾರಕರು ±3 ಡೆಸಿಬಲ್‌ಗೆ ಹೇಳುವ ಕೆಳಮಿತಿ 79 ಹರ್ಟ್ಸ್. ಬವರ್ಸ್ ಅಂಡ್ ವಿಲ್ಕಿನ್ಸ್ 801 ಡಿ4 ಎಂಬ ಟವರಿಗೆ ಹತ್ತಿಂಚಿನ ಎರಡು ವೂಫರು, ತೂಕ ಒಂದೊಂದು 100 ಕಿಲೋ. ವೂಫರುಗಳ ಒಟ್ಟು ವಿಸ್ತಾರ ಸುಮಾರು ಏಳೆಂಟು ಪಟ್ಟು. ಇಲ್ಲಿ ಬೆಲೆಯ ವ್ಯತ್ಯಾಸದ ದೊಡ್ಡ ಪಾಲು ಗಾಳಿಗೆ, ಅದನ್ನು ಹಿಡಿದಿಡುವ ಅಲುಗದ ಪೆಟ್ಟಿಗೆಗೆ ಹೋಗಿದೆ. ಪೆಟ್ಟಿಗೆಯ ಗಟ್ಟಿತನ ದನಿಗೆ ನಿಜಕ್ಕೂ ಬೇಕು. ಪಕ್ಕದ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: 'ಟಕ್' ಎಂದು ಅಲ್ಲೇ ನಿಂತರೆ ಸರಿ, 'ಬೊಂಯ್' ಎಂದು ಎಳೆದರೆ ಆ ಹಲಗೆ ಹಾಡಿನ ಜೊತೆ ತಾನೂ ಹಾಡುತ್ತದೆ, ಗಂಡು ದನಿ ಮೂಗಿನಲ್ಲಿ ಹಾಡಿದಂತೆ ಕೇಳುತ್ತದೆ.

ಅದೇ 801ರ ಟ್ವೀಟರಿನ ವಜ್ರದ ಮಾತು ಬೇರೆ. ವಜ್ರದ ಡೋಮು (ಟ್ವೀಟರಿನ ಅಲುಗುವ ಗುಮ್ಮಟ) ಸುಮಾರು 70 ಕಿಲೋಹರ್ಟ್ಸ್‌ವರೆಗೆ ಆಕಾರ ಕೆಡದೆ ಅಲುಗುತ್ತದೆ, ಒಳ್ಳೆಯ ಅಲ್ಯುಮಿನಿಯಂ ಡೋಮು 25-30ರವರೆಗೆ. ಮನುಷ್ಯನ ಕಿವಿ 20ಕ್ಕೆ ಮುಗಿಯುತ್ತದೆ. ಐವತ್ತು ದಾಟಿದವರಲ್ಲಿ ಅನೇಕರಿಗೆ 12-14ರ ಮೇಲೆ ಏನೂ ಕೇಳಿಸದು. ಇಂಥ ಜೋಡಿ ಕೊಳ್ಳಲು ಕೈಯಲ್ಲಿ ದುಡ್ಡು ಸೇರುವುದೂ ಸಾಮಾನ್ಯವಾಗಿ ಐವತ್ತರ ಮೇಲೆಯೇ.

ಏನು ಕೇಳುತ್ತೀರಿ?

ಬೇಸು ಎಷ್ಟು ಆಳ ಬೇಕೆಂಬುದನ್ನು ನೀವು ಕೇಳುವ ಸಂಗೀತವೇ ಹೇಳುತ್ತದೆ. ಕಪ್ಪು ಒಂದರಲ್ಲಿ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ) ಹಾಡುವ ಗಾಯಕರ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರ್ಜದ ತಂತಿ ಅದರ ಅರ್ಧ, 69. ಹಿಂದೂಸ್ತಾನಿ ಗಾಯನ, ವಚನ, ದಾಸರ ಪದ, ಹಾರ್ಮೋನಿಯಂ ಜೊತೆಗಿನ ರಂಗಗೀತೆ, ಇವೆಲ್ಲ 60 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದು ಅಪರೂಪ. ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನ್ಸೂರರ ಹಳೆಯ ಧ್ವನಿಮುದ್ರಿಕೆಗಳನ್ನೇ ಮುಖ್ಯವಾಗಿ ಕೇಳುವವರಿಗೆ 20 ಹರ್ಟ್ಸ್‌ಗೆ ಇಳಿಯುವ ಟವರು ದಂಡ. ಆ ಮುದ್ರಿಕೆಗಳ ತಳದಲ್ಲಿ ಸಿಗುವುದು ಮೈಕಿನ ಗುಡುಗುಡು ಮಾತ್ರ. ಅವರಿಗೆ ಬೇಕಾದದ್ದು 200ರಿಂದ 4000 ಹರ್ಟ್ಸ್ ನಡುವಿನ ನೇರ್ಪು. ಈಚಿನ ಸಿನಿಮಾ ಹಾಡು, ಸಿನಿಮಾದ ಸ್ಫೋಟದ ಸದ್ದು ಬೇಕಾದವರಿಗೆ 35 ಹರ್ಟ್ಸ್ ಆದರೂ ಬೇಕು.

ಕೋಣೆಯ ಲೆಕ್ಕ

ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ಏನು ಕೇಳುತ್ತದೆ ಎಂಬುದನ್ನು ಸ್ಪೀಕರಿಗಿಂತ ಹೆಚ್ಚಾಗಿ ಕೋಣೆ ತೀರ್ಮಾನಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ದನಿಯ ಅರ್ಧ ಅಲೆ ಸರಿಯಾಗಿ ಕೂರುವ ಕಂಪನದಲ್ಲಿ ಬೇಸು ಉಬ್ಬುತ್ತದೆ. 12×14×10 ಅಡಿಯ ಕೋಣೆಯಲ್ಲಿ ಆ ಉಬ್ಬು 40, 47, 56 ಹರ್ಟ್ಸ್‌ಗಳಲ್ಲಿ, ಮತ್ತೆ ಅವುಗಳ ಇಮ್ಮಡಿಯಲ್ಲಿ. ಅಮೆರಿಕದ ಮರದ ಚೌಕಟ್ಟಿನ ತೆಳು ಗೋಡೆಗಳು ತಾವೇ ಅಲುಗಿ ಬೇಸನ್ನು ಹೊರಗೆ ಬಿಡುತ್ತವೆ. ಇಟ್ಟಿಗೆ ಮತ್ತು ಸಿಮೆಂಟು ಹಾಗೆ ಬಿಡುವುದಿಲ್ಲ. ಅಲ್ಲಿನ ವಿಮರ್ಶಕರು 'ಬೇಸು ಸ್ವಲ್ಪ ತೆಳು' ಎಂದು ಬರೆದ ಸ್ಪೀಕರು ಇಲ್ಲಿ ಸರಿಯಾಗಿಯೇ ಕೇಳುವುದು ಇದರಿಂದ. ಹಳ್ಳಿಯ ಹಳೆಯ ಮಣ್ಣಿನ ಮಾಳಿಗೆಯ ಮನೆ ಇದ್ದರೆ ಅದೃಷ್ಟ. ಜಂತಿ ಸಾಲು ದನಿಯನ್ನು ಚದುರಿಸುತ್ತದೆ, ಮಣ್ಣು ಒಂದಿಷ್ಟು ಕುಡಿಯುತ್ತದೆ.

ಮೇಲಿನ ಸ್ವರಗಳಿಗೆ ಅನುರಣನದ ಲೆಕ್ಕ, ಅಂದರೆ ಮೂಲ ದನಿ ನಿಂತ ಮೇಲೂ ಕೋಣೆಯಲ್ಲಿ ಎಷ್ಟು ಹೊತ್ತು ಅದರ ಮಾರ್ದನಿ ಉಳಿಯುತ್ತದೆ ಎಂಬುದು. ಕೋಣೆಯ ಘನ ಅಳತೆ ಸುಮಾರು 48 ಘನ ಮೀಟರ್. ಬರಿಯ ಗೋಡೆ, ನೆಲ, ಸೂರು ಸೇರಿ ಹೀರುವುದು, ಬಿದ್ದ ದನಿಯನ್ನೆಲ್ಲ ಹೀರುವ 2.4 ಚದರ ಮೀಟರ್ ಮೇಲ್ಮೈಯಷ್ಟು. ಸೇಬಿನ್ ಸೂತ್ರದಂತೆ 0.161 ಗುಣಿಸು 48, ಭಾಗಿಸು 2.4, ದನಿ ಸಾಯಲು 3.2 ಸೆಕೆಂಡ್ ಬೇಕು. ಅದು ಕಲ್ಯಾಣ ಮಂಟಪದ ಲೆಕ್ಕ. ಕೇಳುವ ಕೋಣೆಗೆ 0.4ರಿಂದ 0.6 ಬೇಕು. ಸೋಫಾ 2.5, ನೆರಿಗೆ ತುಂಬಿದ ದಪ್ಪ ಪರದೆ 2.5, ಕೂತ ಇಬ್ಬರು 1, ನೆಲದ ದಪ್ಪ ಹಾಸು 1.5, ಹತ್ತಿಯ ಎರಡು ಗಾದಿ 3. ಎಲ್ಲ ಕೂಡಿದರೆ 13ರ ಹತ್ತಿರ. ಅನುರಣನ 0.6ಕ್ಕೆ ಇಳಿಯಿತು. ಐದು ಲಕ್ಷದ ಸ್ಪೀಕರು ಈ ಕೆಲಸ ಮಾಡದು.

ಇದಕ್ಕೆ ಬೇಕಾದ ಸಾಮಾನು ನಮ್ಮಲ್ಲೇ ಇದೆ. ರಾಯಚೂರಿನ ಹತ್ತಿ, ಗಾದಿ ಹೊಲಿಯುವವರು, ಮನೆಯಲ್ಲಿರುವ ಕೌದಿ, ಬಳ್ಳಾರಿಯ ಜೀನ್ಸ್ ಹೊಲಿಗೆಯವರ ಕಟಿಂಗ್ ಚೂರು. 6×3 ಅಡಿಯ, ನಾಲ್ಕಿಂಚು ದಪ್ಪದ ಹತ್ತಿ ಗಾದಿಯನ್ನು ಸ್ಪೀಕರಿನ ಹಿಂದಿನ ಮೂಲೆಗೆ ಅಡ್ಡಲಾಗಿ ನಿಲ್ಲಿಸಿ ಖಾದಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಕವರು ಬೇಡ, ಮೇಲಿನ ಸ್ವರ ಅದಕ್ಕೆ ಬಡಿದು ವಾಪಸ್ಸಾಗುತ್ತದೆ. ಎರಡು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕದಿದ್ದರೆ ಮುಗ್ಗಲು, ಇಲಿ. ಕೌದಿಯನ್ನು ಮಡಿಸಿ ಪಕ್ಕದ ಗೋಡೆಗೆ ತೂಗು ಹಾಕುವಾಗ ಗೋಡೆಗೆ ಅಂಟಿಸಬೇಡಿ, ನಾಲ್ಕಿಂಚು ಬಿಡಿ. ಆ ಸಂದಿಯಿಂದಲೇ ಅದರ ಹೀರುವಿಕೆ ಸುಮಾರು 850 ಹರ್ಟ್ಸ್‌ವರೆಗೆ ಇಳಿಯುತ್ತದೆ. ಎಲ್ಲಿ ತೂಗು ಹಾಕಬೇಕೆಂದು ತಿಳಿಯಲು ಒಬ್ಬರು ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಲಿ. ಕೂತವರಿಗೆ ಕನ್ನಡಿಯಲ್ಲಿ ಟ್ವೀಟರು ಕಂಡ ಜಾಗವೇ ಆ ಜಾಗ.

ಜೀನ್ಸ್ ಚೂರಿನ ಹಲಗೆಗೆ 2×4 ಅಡಿಯ ಮರದ ಚೌಕಟ್ಟು, ನಾಲ್ಕಿಂಚು ಆಳ. ಚೂರನ್ನು ಎಳೆಎಳೆಯಾಗಿ ಬಿಡಿಸಿ ಮೂರರಿಂದ ಮೂರೂವರೆ ಕಿಲೋ ತುಂಬಿ. ಅದುಮಿ ಐದಾರು ಕಿಲೋ ತುಂಬಿದರೆ ದನಿ ಒಳಗೆ ಹೋಗದೆ ಮೇಲಿಂದಲೇ ತಿರುಗುತ್ತದೆ. ಹತ್ತಿ ಬೇಗ ಹೊತ್ತಿಕೊಳ್ಳುವ ವಸ್ತು, ಸ್ವಿಚ್ ಬೋರ್ಡಿನಿಂದಲೂ ದೇವರ ದೀಪದಿಂದಲೂ ದೂರವಿರಲಿ. ಥರ್ಮಾಕೋಲು, ಮೊಟ್ಟೆಯ ಟ್ರೇ ಅಂಟಿಸುವುದು ವ್ಯರ್ಥ. ತೆಳು ಜಮಖಾನೆಯೊಂದನ್ನೇ ಹಾಸಿ ಬಿಟ್ಟರೂ ಕಷ್ಟ: ಅದು ಟ್ರೆಬಲ್ ಮಾತ್ರ ಕುಡಿಯುತ್ತದೆ, ಬೇಸಿನ ಗುಂಯ್ ಹಾಗೇ ಉಳಿಯುತ್ತದೆ, ಒಟ್ಟು ದನಿ ಮಂಕಾಗುತ್ತದೆ.

ಸ್ಪೀಕರುಗಳನ್ನು 14 ಅಡಿಯ ಉದ್ದಕ್ಕೆ ಮುಖ ಮಾಡಿಸಿ, ಷೋಕೇಸಿನೊಳಗೆ ತುರುಕಬೇಡಿ. ಹಿಂದಿನ ಗೋಡೆಯಿಂದ ಸ್ಪೀಕರಿನ ಮುಖ 2.5 ಅಡಿ ಇದ್ದರೆ, ಗೋಡೆಗೆ ಬಡಿದು ಬಂದ ಅಲೆ 113 ಹರ್ಟ್ಸ್ ಬಳಿ ನೇರ ದನಿಯನ್ನೇ ಕಳೆದು ಗುಂಡಿ ಮಾಡುತ್ತದೆ. ಅರ್ಧ ಅಡಿ ಆಚೀಚೆ ಸರಿಸಿದರೆ ಗುಂಡಿಯೂ ಸರಿಯುತ್ತದೆ. ತಬಲಾದ ಎಡ ಯಾವ ಜಾಗದಲ್ಲಿ ತುಂಬಿ ಕೇಳುತ್ತದೆಂದು ನೋಡಿ ನಿಲ್ಲಿಸಿ. ಕೂರುವ ಜಾಗ ಹಿಂದಿನ ಗೋಡೆಗೆ ಒರಗಿದರೆ ಬೇಸು ಅತಿ, ಕೋಣೆಯ ನಟ್ಟನಡುವೆ ಬಂದರೆ 40 ಹರ್ಟ್ಸ್ ಮಾಯ. ಹಿಂದಿನ ಗೋಡೆಯಿಂದ ಐದು ಅಡಿ ಮುಂದೆ ಬಂದರೆ ಎರಡರಿಂದಲೂ ಪಾರು. ಟ್ವೀಟರು ಕಿವಿಯ ಎತ್ತರಕ್ಕಿರಲಿ: ಸೋಫಾದಲ್ಲಿ ಕೂತರೆ 36-38 ಇಂಚು, ನೆಲದ ಮೇಲೆ ಕೂತು ಕೇಳುವವರಿಗೆ 27-29. ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು: ದಪ್ಪ ಗೋಡೆಯ ಚೌಕ ಪೈಪು, ಒಳಗೆ ಒಣ ಮರಳು, ತಳಕ್ಕೆ ಕುಷ್ಟಗಿ ಕಡೆಯ ಗ್ರಾನೈಟಿನ ತುಂಡು, ಪೆಟ್ಟಿಗೆಯ ಕೆಳಗೆ ನಾಲ್ಕು ರಬ್ಬರು.

ಯಾವ ಬಗೆ?

ಪವರ್ ಇಲ್ಲದ ಸಣ್ಣ ಸ್ಪೀಕರು, ಅದಕ್ಕೊಂದು ಆಂಪ್ಲಿಫಯರು. ನಮ್ಮ ಕೋಣೆಗೆ, ನಮ್ಮ ಹವೆಗೆ, ರಿಪೇರಿಗೆ ಇದೇ ಮೊದಲ ಆಯ್ಕೆ. ಆಂಪ್ಲಿಫಯರು ಕೆಟ್ಟರೆ ಅದನ್ನಷ್ಟೇ ಕಳಿಸಬಹುದು. ಎಷ್ಟು ವಾಟು ಬೇಕೆಂಬ ಲೆಕ್ಕ ಸುಲಭ: 85 ಡೆಸಿಬಲ್ ಸೆನ್ಸಿಟಿವಿಟಿಯ (ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಕೇಳುವ ಜೋರು) ಜೋಡಿ, ಏಳು ಅಡಿ ದೂರ. ಎರಡು ಸ್ಪೀಕರಿಗೆ 3 ಕೂಡಿ, ದೂರಕ್ಕೆ ಸುಮಾರು 4 ಕಳೆಯಿರಿ. ಒಂದೊಂದು ವಾಟಿಗೆ 84. ಸರಾಸರಿ 78ರಲ್ಲಿ ಕೇಳಿದರೆ ತುದಿಗಳು 96ಕ್ಕೆ ಹೋಗುತ್ತವೆ, ಅದಕ್ಕೆ 16 ವಾಟು ಸಾಕು. 102 ಬೇಕೆಂದರೆ 63. ಮುನ್ನೂರು ವಾಟಿನ ಆಂಪ್ಲಿಫಯರು ಈ ಕೋಣೆಗೆ ಬೇಡ. ಓಮ್ ಕಡೆ ಕಣ್ಣಿಡಿ: 4 ಓಮ್‌ನ ಸ್ಪೀಕರಿಗೆ '2.83 ವೋಲ್ಟಿಗೆ 88' ಎಂದು ಬರೆದಿದ್ದರೆ ಅದು ಎರಡು ವಾಟಿನ ಮಾತು, ಒಂದು ವಾಟಿಗೆ 85 ಮಾತ್ರ.

ಆಂಪ್ಲಿಫಯರು ಒಳಗೇ ಇರುವ ಸ್ಟುಡಿಯೊ ಮಾನಿಟರು. ಕೊಟ್ಟ ರೂಪಾಯಿಗೆ ಅತಿ ನೇರ್ಪಾದ ದನಿ ಸಿಗುವುದು ಇಲ್ಲೇ. ಜೆನೆಲೆಕ್, ನಾಯ್ಮನ್ ಹೊರದೇಶದವು. 1970ರಲ್ಲಿ ಶುರುವಾದ ಕೋಲ್ಕತ್ತದ ಸೊನೊಡೈನ್ ಕೂಡ ಮಾನಿಟರು ಮಾಡುತ್ತದೆ. ತೊಂದರೆ ಒಂದೇ: ಹಿಂಬದಿಯ ಸರ್ಕ್ಯೂಟು ಏಪ್ರಿಲ್-ಮೇ ಸೆಕೆಯಲ್ಲಿ ಬೇಯುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧವಾಗುತ್ತದೆ ಎಂಬುದು ಆ ಕಸುಬಿನ ರೂಢಿಯ ಲೆಕ್ಕ. ಹಿಂದೆ ನಾಲ್ಕಿಂಚು ಗಾಳಿಯಾಡಲಿ, ಕೇಳದಾಗ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಎರಡೂ ಸ್ಪೀಕರುಗಳಿಗೆ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಬೇರೆ ಬೇರೆ ಬೋರ್ಡಾದರೆ ಅರ್ಥಿಂಗಿನ ವ್ಯತ್ಯಾಸದಿಂದ 'ಹಂ' ಎಂಬ ಸದ್ದು ಸೇರಿಕೊಳ್ಳಬಹುದು.

ಸಣ್ಣ ಜೋಡಿಗೆ ಸಬ್‌ವೂಫರ್ (ಬೇಸಿಗೆಂದೇ ಇರುವ ಪ್ರತ್ಯೇಕ ಪೆಟ್ಟಿಗೆ) ಸೇರಿಸುವುದು ದೊಡ್ಡ ಟವರಿಗಿಂತ ಜಾಣತನ. ಟವರಿನಲ್ಲಿ ವೂಫರು ಎಲ್ಲಿ ಟ್ವೀಟರಿದೆಯೋ ಅಲ್ಲೇ ನಿಲ್ಲಬೇಕು. ಸಬ್‌ವೂಫರನ್ನು ಬೇಸು ಸಮನಾಗಿ ಕೇಳುವ ಜಾಗಕ್ಕೆ ಒಯ್ಯಬಹುದು. ಜಾಗ ಹುಡುಕಲು ಅದನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಗೋಡೆಯುದ್ದಕ್ಕೂ ಬಗ್ಗಿ ನಡೆಯುತ್ತ ಕೇಳಿ. ಎಲ್ಲಿ ಸ್ವರಗಳು ಒಂದೇ ಮಟ್ಟದಲ್ಲಿ ಕೇಳುತ್ತವೋ ಅಲ್ಲಿಗೆ ಸಬ್‌ವೂಫರು, ಸೋಫಾಕ್ಕೆ ನೀವು. 80 ಹರ್ಟ್ಸ್‌ನಲ್ಲಿ ಕತ್ತರಿಸಿ, ಸಣ್ಣ ಸ್ಪೀಕರಿಗೂ ಅದರ ಕೆಳಗಿನದು ಹೋಗದಂತೆ ತಡೆಯಿರಿ. ಇಷ್ಟಕ್ಕೇ ಐದಿಂಚಿನ ವೂಫರಿನ ಹೊರೆ ಬಹಳ ಹಗುರಾಗುತ್ತದೆ.

ಟವರು 18×22 ಅಡಿಯ ಹಾಲಿದ್ದವರಿಗೆ. ಕ್ಲಿಪ್ಷ್‌ಹಾರ್ನ್ ಥರದ ಹಾರ್ನು, ಅಂದರೆ ಕಹಳೆ ಬಾಯಿಯ ಸ್ಪೀಕರು, 1946ರಿಂದ ಬಂದಿದೆ. ಒಂದು ವಾಟಿಗೆ ನೂರಕ್ಕೂ ಮಿಕ್ಕಿ ಡೆಸಿಬಲ್ ಹೇಳುತ್ತಾರೆ, ಆದರೆ ಅದಕ್ಕೆ ಕೋಣೆಯ ಎರಡು ಖಾಲಿ ಮೂಲೆ ಬೇಕು. ನಮ್ಮ ಪಡಸಾಲೆಯ ಒಂದು ಮೂಲೆಯಲ್ಲಿ ದೇವರು, ಇನ್ನೊಂದರಲ್ಲಿ ಬಾಗಿಲು.

ಎಲೆಕ್ಟ್ರೊಸ್ಟಾಟಿಕ್ ಹಾಳೆಯ ಸ್ಪೀಕರುಗಳಲ್ಲಿ ಹೆಣ್ಣು ದನಿ, ಸರೋದು ಅಷ್ಟು ಚೆಂದ ಬೇರೆಲ್ಲೂ ಕೇಳದು. ಪುಣೆಯ ಕೇಡೆನ್ಸ್ ಈ ಬಗೆಗೆ ಹೆಸರಾದದ್ದು. ಆದರೂ ಸಂಡೂರು, ಹೊಸಪೇಟೆ, ಬಳ್ಳಾರಿ ಸುತ್ತ ಬೇಡ ಎನ್ನುವುದೇ ಸರಿ. ಹಾಳೆಗೆ ಸಾವಿರಾರು ವೋಲ್ಟಿನ ವಿದ್ಯುತ್ತು ಇರುತ್ತದೆ, ಅದು ಧೂಳನ್ನು ಎಳೆದುಕೊಳ್ಳುತ್ತದೆ. ಅದಿರಿನ ಕೆಂಧೂಳು ಕೂತ ಕಡೆ ಚಟಪಟ ಸದ್ದು, ಆಮೇಲೆ ದನಿ ಕುಗ್ಗುವುದು.

ಧೂಳು, ಕರೆಂಟು, ಫ್ಯಾನು

ಡೋಮಿನ ಸ್ಪೀಕರಿಗೂ ಬಟ್ಟೆಯ ಜಾಲರಿ ತೆಗೆದಿಡುವ ಷೋಕಿ ಈ ಕಡೆ ಬೇಡ. ಕೋನಿನ ಮೇಲಿನ ಧೂಳನ್ನು ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಒಳಗಿಂದ ಹೊರಕ್ಕೆ ಸವರಿ. ಟ್ವೀಟರಿಗೆ ವ್ಯಾಕ್ಯೂಮ್ ಹಿಡಿದರೆ ಡೋಮು ಹೊರಕ್ಕೆ ಸೆಳೆದು ಕೆಡುತ್ತದೆ. ಬೆರಿಲಿಯಂ ಡೋಮು ಒಡೆದರೆ ಚೂರನ್ನು ಕೈಯಲ್ಲಿ ಮುಟ್ಟಬೇಡಿ, ಅದರ ಪುಡಿ ಉಸಿರಿಗೆ ವಿಷ. ವೂಫರಿನ ಸುತ್ತಿನ ಅಂಚು ರಬ್ಬರಿನದ್ದಿರಲಿ. ಸ್ಪಂಜಿನ ಅಂಚು ಹತ್ತಿಪ್ಪತ್ತು ವರ್ಷದಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ.

ಮನೆಯ ಇನ್ವರ್ಟರು ಸ್ಕ್ವೇರ್ ವೇವಿನದಾದರೆ ಆಂಪ್ಲಿಫಯರಿನ ಟ್ರಾನ್ಸ್‌ಫಾರ್ಮರು ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ. ಸೈನ್ ವೇವಿನದೇ ಬೇಕು. ಸ್ಟೆಬಿಲೈಸರಿನ ಜೊತೆ ಸರ್ಜ್ ತಡೆಯುವ ಸಾಧನವೂ ಇರಲಿ. ಮೊದಲನೆಯದು ಏರಿಳಿತ ನೋಡಿಕೊಳ್ಳುತ್ತದೆ, ಗುಡುಗು-ಸಿಡಿಲಿನ ಹೊಡೆತಕ್ಕೆ ಎರಡನೆಯದೇ ಗತಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆಯುವವರೇ ಹೆಚ್ಚು.

ವೈರಿಗೆ ದುಡ್ಡು ಸುರಿಯಬೇಡಿ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿ.ಮೀ. ತಾಮ್ರದ ವೈರು ಐದು ಮೀಟರಿಗೆ, ಹೋಗಿಬರುವುದು ಸೇರಿ, 0.08 ಓಮ್‌ಗಿಂತ ಕಡಿಮೆ. ಅಷ್ಟು ಸಾಕು.

ಫ್ಯಾನಿನ ಮಾತು ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಫ್ಯಾನು ಆರಿಸಿ ಆಲಾಪ ಕೇಳುವುದು ತಪಸ್ಸು. ಫ್ಯಾನು 40-50 ಡೆಸಿಬಲ್, ಕೂಲರು 55-60. 'ಸೂಕ್ಷ್ಮ ವಿವರ'ಕ್ಕೆಂದು ಕೊಟ್ಟ ಹೆಚ್ಚಿನ ಎರಡು ಲಕ್ಷ ಆ ಗಾಳಿಯ ಸದ್ದಿನ ಕೆಳಗೆ ಹೂತು ಹೋಗುತ್ತದೆ. ಸದ್ದು ಕಡಿಮೆಯ ಇನ್ವರ್ಟರ್ ಎಸಿಗೆ ಅದರ ಐದನೇ ಒಂದು ಪಾಲು ಹಾಕಿದರೆ ಸ್ಪೀಕರನ್ನೇ ಬದಲಿಸಿದಂತಾಗುತ್ತದೆ.

ಕೇಳಿ ಆರಿಸುವ ಬಗೆ

ಒಳ್ಳೆಯ ಷೋರೂಮಿಗೆ ಬಳ್ಳಾರಿಯವರು 300 ಕಿ.ಮೀ. ದೂರದ ಬೆಂಗಳೂರಿಗೆ, ರಾಯಚೂರಿನವರು 200 ಕಿ.ಮೀ. ಆಸುಪಾಸಿನ ಹೈದರಾಬಾದಿಗೆ ಹೋಗಬೇಕು. ಅಷ್ಟು ದೂರ ಹೋಗುವ ಮೊದಲು ಅಳತೆಗಳನ್ನು ನೋಡಿ. ಸಿಟಿಎ-2034 ಎಂಬ ಮಾನದಂಡದಲ್ಲಿ ಸ್ಪೀಕರಿನ ಸುತ್ತ ಹತ್ತು ಹತ್ತು ಡಿಗ್ರಿಗೆ ಒಟ್ಟು 70 ಅಳತೆ ತೆಗೆಯುತ್ತಾರೆ. ಮೇಲಿನ ಗೆರೆ ಸಪಾಟಾಗಿ, ಕೆಳಗಿನವು ಅದಕ್ಕೆ ಜೊತೆಯಾಗಿ ಇಳಿದರೆ ಪಟ್ಟಿಯಲ್ಲಿ ಇರಲಿ. ಎರಡು-ಮೂರು ಕಿಲೋಹರ್ಟ್ಸ್ ಬಳಿ ಪಕ್ಕದ ಗೆರೆ ಒಮ್ಮೆಲೇ ಉಬ್ಬಿದರೆ, ಅದು ಗಟ್ಟಿ ಗೋಡೆಯ ನಮ್ಮ ಕೋಣೆಯಲ್ಲಿ ಕಿವಿಗೆ ಚುಚ್ಚುತ್ತದೆ.

ಅಂಗಡಿಯಲ್ಲಿ ಎರಡು ಜೋಡಿಯ ದನಿಯನ್ನು ಸಮ ಮಾಡದೆ ಹೋಲಿಸುವುದು ತೂಕ ನೋಡದೆ ಕಾಳು ಕೊಂಡಂತೆ. ಒಂದು ಡೆಸಿಬಲ್ ಜೋರಿದ್ದದ್ದು 'ಇನ್ನೂ ಸ್ಪಷ್ಟ' ಎನಿಸಿಬಿಡುತ್ತದೆ. ಪಿಂಕ್ ನಾಯ್ಸ್ (ಎಲ್ಲ ಸ್ವರ ಬೆರೆತ, ಮಳೆ ಸುರಿದಂಥ ಪರೀಕ್ಷೆಯ ಸದ್ದು) ಹಾಕಿಸಿ, ಕೂತ ಜಾಗದಲ್ಲಿ ಫೋನಿನ ಆಪ್ ಹಿಡಿದು ಅರ್ಧ ಡೆಸಿಬಲ್ ಒಳಗೆ ತನ್ನಿ. ಹೋಲಿಕೆಗೆ ಫೋನು ಸಾಕು. ಮೊದಲು ಮೋನೊ, ಒಂದೊಂದೇ ಸ್ಪೀಕರು. ಟೂಲ್ ಅವರ ಪ್ರಯೋಗಗಳು ತೋರಿದಂತೆ ತಪ್ಪುಗಳು ಎದ್ದು ಕೇಳುವುದು ಹೀಗೆ. ಸ್ಟೀರಿಯೊದ ವೈಭವದಲ್ಲಿ ಅವು ಅಡಗುತ್ತವೆ. ದೀಪ ಆರಿಸಿ, ತೆಳು ಬಟ್ಟೆ ಇಳಿಬಿಟ್ಟು, ಜೊತೆಗೆ ಬಂದವರು ಬದಲಿಸಲಿ, ನೀವು ಬರೆದುಕೊಳ್ಳಿ.

ಒಬ್ಬರೇ ಮಾತಾಡಿದ ಧ್ವನಿಮುದ್ರಿಕೆ, ಬರಿ ತಂಬೂರಿ, ತಬಲಾ ಒಂಟಿವಾದನ, ಒಂದು ಸನಾದಿ, ನಿಮಗೆ ಬಾಯಿಪಾಠ ಇರುವ ಒಂದು ಸಿನಿಮಾ ಹಾಡು, ಇಷ್ಟು ಸಾಕು. ಮಾತು ಪೆಟ್ಟಿಗೆಯೊಳಗಿಂದ ಬಂದಂತಿದ್ದರೆ 200-300 ಹರ್ಟ್ಸ್‌ನಲ್ಲಿ ಉಬ್ಬು. ತಂಬೂರಿಯ ಜವಾರಿ (ತಂತಿಯ ಝೇಂಕಾರ) ಮಂಕಾದರೆ ಮೇಲೆ ಕೊರತೆ, ತಗಡಿನಂತಾದರೆ ಅತಿ. ತಬಲಾದ ಎಡದ ಮೀಂಡು ಜಾರುವಾಗ ಒಂದು ಸ್ವರದಲ್ಲಿ ಮಾತ್ರ ಉಬ್ಬಿದರೆ ಆ ದೋಷ ಪೆಟ್ಟಿಗೆಯ ಗಾಳಿ ತೂತಿನದೋ (ಪೋರ್ಟ್) ಕೋಣೆಯದೋ. ಸನಾದಿ ಐದು ನಿಮಿಷಕ್ಕೇ ಕಿವಿ ದಣಿಸಿದರೆ ಆ ಜೋಡಿ ಬೇಡ.

ಹಂಚಿಕೆ

ಒಟ್ಟು ಒಂದು ಲಕ್ಷ ಇದ್ದರೆ 55-60 ಸಾವಿರಕ್ಕೆ, ಬೇರೆ ಆಂಪ್ಲಿಫಯರು ಬೇಡದ ಮಾನಿಟರಿನ ಜೋಡಿ, 15-20 ಗಾದಿ-ಪರದೆ-ಹಲಗೆಗೆ, ಏಳೆಂಟು ಸಾವಿರ ಸ್ಟ್ಯಾಂಡಿಗೆ, ಉಳಿದದ್ದು ಸ್ಟೆಬಿಲೈಸರಿಗೆ. ಮೂರು ಲಕ್ಷಕ್ಕೆ ಸ್ಪೀಕರು ಒಂದೂವರೆ, ಸಬ್‌ವೂಫರ್ ಐವತ್ತು ಸಾವಿರ, ಇಕ್ವಲೈಸರ್ (ಬೇರೆ ಬೇರೆ ಸ್ವರಗಳ ಜೋರು ಹೊಂದಿಸುವ ಸೌಲಭ್ಯ) ಇರುವ ಆಂಪ್ಲಿಫಯರು ಅರವತ್ತು, ಮೂವತ್ತು ಕೋಣೆಗೆ, ಜೊತೆಗೆ ಅಳೆಯುವ ಮೈಕು. ಆ ಮೈಕಿನಿಂದ ಕೋಣೆಯ ದನಿ ಅಳೆಯುವ ರೂಮ್ ಇಕ್ಯೂ ವಿಜಾರ್ಡ್ ಎಂಬ ತಂತ್ರಾಂಶ ಉಚಿತ. ಇಕ್ವಲೈಸರಿನಿಂದ ಉಬ್ಬುಗಳನ್ನು ಇಳಿಸಿ, ಗುಂಡಿಗಳನ್ನು ತುಂಬಲು ಹೋಗಬೇಡಿ. ಅಲೆ ಅಲೆಯನ್ನು ಕಳೆದ ಜಾಗದಲ್ಲಿ ಎಷ್ಟು ವಾಟು ಸುರಿದರೂ ನಿಲ್ಲದು, ವೂಫರು ಮಾತ್ರ ಸುಸ್ತಾಗುತ್ತದೆ. ಮೂರು ಲಕ್ಷದ ಈ ಹಂಚಿಕೆಯ ಮೇಲೆ ಇನ್ನೈದು ಲಕ್ಷ ಹಾಕಿದರೆ 12×14ರಲ್ಲಿ ಸಿಗುವುದು ಹೆಚ್ಚಾಗಿ ಮರದ ಕೆಲಸ ಮತ್ತು ಮಾಲೀಕತ್ವದ ಖುಷಿ. ಖುಷಿಗೆ ಬೆಲೆ ಕಟ್ಟುವುದು ಅವರವರಿಗೆ ಬಿಟ್ಟದ್ದು, ಅದನ್ನು ದನಿ ಎಂದು ಮಾರಿದಾಗ ಮಾತ್ರ ತಕರಾರು.

ಸೆಕೆಂಡ್ ಹ್ಯಾಂಡ್ ದುಬಾರಿ ಜೋಡಿ ಅರ್ಧ ಬೆಲೆಗೆ ಸಿಕ್ಕರೆ ನೋಡುವುದಿಷ್ಟು. ಐದೂ ಬೆರಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ. ಕರಕರ ಎಂದರೆ ಕಾಯಿಲು ಉಜ್ಜುತ್ತಿದೆ. ಮಲ್ಟಿಮೀಟರಿನಲ್ಲಿ 8 ಓಮ್‌ನದು 5.5ರಿಂದ 7, 4 ಓಮ್‌ನದು ಮೂರೂಕಾಲು ಓಮ್ ಆಸುಪಾಸು ತೋರಬೇಕು, ಎರಡೂ ಸ್ಪೀಕರು ಒಂದೇ ಆಗಿರಬೇಕು. ಟ್ವೀಟರಿನ ಮುಂದೆ ಕೆಪಾಸಿಟರ್ ಇರುವುದರಿಂದ ಅದು ಸತ್ತಿದ್ದರೂ ಮೀಟರಿಗೆ ಗೊತ್ತಾಗದು. ವೂಫರಿನ ಮೇಲೆ ದಿಂಬು ಹಿಡಿದು ಕಿವಿ ಹತ್ತಿರ ತಂದು ಕೇಳಬೇಕು. ಪೆಟ್ಟಿಗೆಯನ್ನು ಮೆಲ್ಲಗೆ ಓರೆ ಮಾಡಿ, ಒಳಗೆ ಗಡಗಡ ಎಂದರೆ ಕ್ರಾಸ್‌ಓವರಿನ (ವೂಫರಿಗೂ ಟ್ವೀಟರಿಗೂ ಸ್ವರ ಹಂಚುವ ಸರ್ಕ್ಯೂಟು) ಕಾಯಿಲು ಬಿಚ್ಚಿಕೊಂಡಿದೆ. ಮೂಲ ಪ್ಯಾಕಿಂಗ್ ಇಲ್ಲದಿದ್ದರೆ ಬಸ್ಸಿನ ಪಾರ್ಸಲ್ಲಿಗೆ ಹಾಕಬೇಡಿ, ಕಾರಿನ ಹಿಂದಿನ ಸೀಟಿನ ಮೇಲೆ ಗಾದಿ ಹಾಸಿ ಕೋನು ಮೇಲ್ಮುಖವಾಗಿ ಮಲಗಿಸಿ ತನ್ನಿ. ಆ ಗಾದಿ ಹೇಗೂ ಕೋಣೆಯ ಮೂಲೆಗೆ ಬೇಕೇ ಬೇಕು.